ಶಖೀಖಾದಿಂದ ಕ್ಲಸ್ಟರ್‌ವರೆಗೆ: ಒಂದು ನೋವಿನ ಹೆಸರು ಹುಡುಕಿದ ಚರಿತ್ರೆ

ಪರಮ ದಯಾಮಯನೂ ಕರುಣಾನಿಧಿಯೂ ಆದ ಅಲ್ಲಾಹನ ನಾಮದಿಂದ.

ಪ್ರವಾದಿ ಮುಹಮ್ಮದ್(ಸ)ರು ಇಹ್ರಾಮ್ ಧರಿಸಿ ಮಕ್ಕಾದ ದಾರಿಯಲ್ಲಿದ್ದಾಗ ಲಹ್ಯು ಜಮಲ್ ಎಂಬ ನೀರಿನ ತಾಣದ ಬಳಿ ತಮ್ಮ ತಲೆಗೆ ಹಿಜಾಮಾ ಮಾಡಿಸಿಕೊಂಡರೆಂದು ಸ್ವಹೀಹ್ ಬುಖಾರಿಯಲ್ಲಿ ದಾಖಲಾಗಿದೆ. ಅದಕ್ಕೆ ಕಾರಣವಾದ ನೋವನ್ನು ಇಬ್ನು ಅಬ್ಬಾಸ್(ರ)ರು ಬರಿಯ ತಲೆನೋವು ಎಂದು ಹೇಳಿ ಬಿಡಲಿಲ್ಲ. ‘ಶಖೀಖಾ’ ಎಂಬ ಹೆಸರನ್ನಿಟ್ಟೇ ಹೇಳಿದರು. ಶಖೀಖಾ ಎಂದರೆ ತಲೆಯ ಒಂದು ಪಾರ್ಶ್ವವನ್ನು ಮಾತ್ರ ಹಿಡಿಯುವ ನೋವು, ನಮ್ಮ ಕನ್ನಡದ ಅರೆತಲೆನೋವು. ಈ ಚಿಕ್ಕ ವರದಿಯಲ್ಲಿ ಮೂರು ಸಂಗತಿಗಳಿವೆ. ಅಲ್ಲಾಹನ ಅತ್ಯಂತ ಪ್ರಿಯ ದಾಸರಿಗೂ ತಲೆನೋವು ಬಂದಿತ್ತು. ಆ ನೋವಿಗೆ ಒಂದು ನಿಶ್ಚಿತವಾದ ಹೆಸರಿತ್ತು. ಇಹ್ರಾಮಿನಂಥ ಆರಾಧನೆಯ ಸ್ಥಿತಿಯಲ್ಲಿಯೂ ಚಿಕಿತ್ಸೆಯನ್ನು ಮುಂದೂಡಲಾಗಲಿಲ್ಲ.

ಈ ಮೂರರಲ್ಲಿ ಎರಡನೆಯ ಸಂಗತಿಯನ್ನು ನಮ್ಮ ಸಮುದಾಯ ಬಹುಮಟ್ಟಿಗೆ ಮರೆತಿದೆ ಎಂದು ನಮಗೆ ತೋರುತ್ತದೆ. ಯಾವ ನೋವು, ಎಲ್ಲಿ, ಎಷ್ಟು ಹೊತ್ತು, ಯಾವ ಗಳಿಗೆಯಲ್ಲಿ ಎಂದು ಕೇಳಿ ಅದರ ಹೆಸರನ್ನು ಕಂಡುಹಿಡಿಯುವುದಕ್ಕೆ ನಮ್ಮ ಹಕೀಮರು ತಶ್ಖೀಸ್ ಎನ್ನುತ್ತಿದ್ದರು. ಇಂದಿನ ಮಾತಿನಲ್ಲಿ ರೋಗನಿದಾನ. ತಶ್ಖೀಸ್ ಇಲ್ಲದ ಮದ್ದು ಕತ್ತಲಲ್ಲಿ ಎಸೆದ ಕಲ್ಲಿನಂತೆ. ಇದು ಎಷ್ಟು ನಿಜವೆಂಬುದು ಒಂದು ವಿಶೇಷ ತಲೆನೋವಿನ ಚರಿತ್ರೆಯನ್ನು ನೋಡಿದರೆ ತಿಳಿಯುತ್ತದೆ.

ರಾತ್ರಿ ಎದ್ದು ಓಡಾಡುವ ರೋಗಿ

ಭೀಮಾ ತೀರದ ದೇವಣಗಾಂವದಿಂದ ಹಿಡಿದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರೆಗೆ ನಮ್ಮ ಹಳ್ಳಿಗಳಲ್ಲಿ ತಲೆನೋವಿಗೆ ಮೊದಲ ಮದ್ದು ಮನೆಯದೇ ಆಗಿರುತ್ತದೆ. ಶುಂಠಿಯನ್ನು ತೇಯ್ದು ಹಣೆಗೆ ಹಚ್ಚುವುದು, ಬಟ್ಟೆಯಿಂದ ತಲೆಯನ್ನು ಬಿಗಿದು ಕಟ್ಟುವುದು, ಕತ್ತಲೆ ಕೋಣೆಯಲ್ಲಿ ಮಲಗಿಸುವುದು. ಬಹಳಷ್ಟು ತಲೆನೋವುಗಳು ಇಷ್ಟಕ್ಕೇ ಇಳಿಯುತ್ತವೆ. ಆದರೆ ಮಲಗಲು ಹೇಳಿದರೂ ಮಲಗಲಾಗದ ಒಬ್ಬ ರೋಗಿ ಇದ್ದಾನೆ. ನಿದ್ದೆ ಹತ್ತಿ ಒಂದೆರಡು ತಾಸಿಗೆ ಅವನು ಧಡಕ್ಕನೆ ಏಳುತ್ತಾನೆ. ಒಂದೇ ಕಣ್ಣಿನ ಸುತ್ತ, ಒಂದೇ ಕಪೋಲದಲ್ಲಿ, ಕಾದ ಸಲಾಕೆಯನ್ನು ಚುಚ್ಚಿ ತಿರುವಿದಂಥ ನೋವು. ಆ ಕಡೆಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ರೆಪ್ಪೆ ಜೋತುಬೀಳುತ್ತದೆ, ಆ ಕಡೆಯದೇ ಮೂಗು ಕಟ್ಟುತ್ತದೆ ಅಥವಾ ಸೋರುತ್ತದೆ. ಅವನು ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಾನೆ, ಕುಳಿತು ತೂಗಾಡುತ್ತಾನೆ, ಗೋಡೆಗೆ ತಲೆ ಜಜ್ಜಿಕೊಳ್ಳುತ್ತಾನೆ. ಒಂದು ಒಂದೂವರೆ ತಾಸು ಕಳೆದರೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತಾನೆ. ಮರುರಾತ್ರಿ ಅದೇ ವೇಳೆಗೆ ಮತ್ತೆ ಅದೇ. ಹೀಗೆ ಕೆಲವು ವಾರ, ಕೆಲವೊಮ್ಮೆ ಎರಡು ಮೂರು ತಿಂಗಳು ನಡೆದು ಒಂದು ದಿನ ತಾನಾಗಿಯೇ ನಿಲ್ಲುತ್ತದೆ. ವರ್ಷ ಕಳೆದು ಹೆಚ್ಚುಕಡಿಮೆ ಅದೇ ಋತುವಿನಲ್ಲಿ ಮರಳಿ ಬರುತ್ತದೆ.

ನೋಡುವವರ ಕಣ್ಣಿಗೆ ಇದು ರೋಗದಂತೆ ಕಾಣುವುದಿಲ್ಲ. ಗಡಿಯಾರ ನೋಡಿ ಬರುವ ನೋವು, ಕೆಂಪೇರಿದ ಒಂದೇ ಕಣ್ಣು, ನಡುರಾತ್ರಿಯ ಓಡಾಟ: ಇವನ್ನೆಲ್ಲ ಕಂಡ ಹಿರಿಯರು ಸಾಯಾ ಹಿಡಿದಿದೆ, ಜಿನ್ನಿನ ಕಾಟವಿದೆ ಎಂದು ನಿರ್ಣಯಿಸಿಬಿಡುತ್ತಾರೆ. ಮದರಸಾಗಳಲ್ಲಿ ಪಾಠ ಹೇಳುವ ನಮ್ಮಂಥವರ ಬಳಿಗೆ ದಮ್ ಮಾಡಿಸಲು ಕರೆತರುತ್ತಾರೆ. ಕೆಲವೆಡೆ ಹಣೆಗೆ, ಕಪೋಲಕ್ಕೆ ಬರೆ ಹಾಕಿಸುವುದೂ ಉಂಟು. ಇತ್ತ ದವಾಖಾನೆಗೆ ಹೋದವರ ಪಾಡೂ ಸುಲಭವಲ್ಲ. ಕಣ್ಣೆಂದು ಕನ್ನಡಕ, ಮೂಗೆಂದು ಸೈನಸ್ಸಿನ ಔಷಧ, ದವಡೆಯೆಂದು ಹಲ್ಲು ಕೀಳಿಸುವುದು. ಹೀಗೆ ಸರಿಯಾದ ಹೆಸರು ಸಿಗುವ ಮುನ್ನ ವರ್ಷಗಳೇ ಉರುಳುತ್ತವೆ. ಮುಂದುವರಿದ ದೇಶಗಳಲ್ಲಿಯೂ ಈ ವಿಳಂಬ ಸಾಮಾನ್ಯವೇ.

ಇದರ ಇಂದಿನ ಹೆಸರು ಕ್ಲಸ್ಟರ್ ತಲೆನೋವು. ಕ್ಲಸ್ಟರ್ ಎಂದರೆ ಗೊಂಚಲು. ನೋವುಗಳು ಗೊಂಚಲು ಗೊಂಚಲಾಗಿ ಬರುವುದರಿಂದ ಈ ಹೆಸರು. ಸುಮಾರು ಸಾವಿರ ಜನರಲ್ಲಿ ಒಬ್ಬರಿಗೆ ಇದು ಬರುತ್ತದೆಂದು ಅಂದಾಜು. ಸ್ತ್ರೀಯರಿಗಿಂತ ಪುರುಷರಲ್ಲಿ ಹೆಚ್ಚು. ಮನುಷ್ಯನಿಗೆ ತಿಳಿದಿರುವ ಅತ್ಯಂತ ತೀವ್ರ ನೋವುಗಳಲ್ಲಿ ಇದೂ ಒಂದೆಂದು ವೈದ್ಯರು ಹೇಳುತ್ತಾರೆ.

ಗ್ರಂಥಗಳಲ್ಲಿ ತಲೆನೋವು

ಇಸ್ಲಾಮೀ ಪರಂಪರೆಯಲ್ಲಿ ತಲೆನೋವು ಕ್ಷುಲ್ಲಕ ವಿಷಯವಾಗಿರಲಿಲ್ಲ. ರಯ್ಯ್ ನಗರದ ಅಬೂಬಕರ್ ಅಲ್-ರಾಝಿ (865–925) ರೋಗಿಗಳ ಲಕ್ಷಣಗಳನ್ನು ಒಂದೊಂದಾಗಿ ಬರೆದಿಟ್ಟುಕೊಂಡ ವೈದ್ಯರು. ಒಂದೇ ರೋಗವೆಂದು ಜನ ತಿಳಿಯುತ್ತಿದ್ದ ಸಿಡುಬು ಮತ್ತು ದಡಾರಗಳನ್ನು ಲಕ್ಷಣಗಳಿಂದ ಬೇರೆ ಬೇರೆ ಮಾಡಿ ತೋರಿಸಿದ ಕೀರ್ತಿ ಅವರದು. ವಿದ್ವಾಂಸರಾದ ಅಬೂ ಝೈದ್ ಅಲ್-ಬಲ್ಖಿಯವರಿಗೆ ವಸಂತದಲ್ಲಿ ಗುಲಾಬಿ ಅರಳಿದಾಗ ಮಾತ್ರ ನೆಗಡಿ ಬರುತ್ತಿದ್ದುದನ್ನು ಗಮನಿಸಿ ಅವರು ಒಂದು ಪ್ರತ್ಯೇಕ ಪ್ರಬಂಧವನ್ನೇ ಬರೆದರು. ಋತು ನೋಡಿ ಬರುವ ತೊಂದರೆಯನ್ನು ಕಂಡು ಅವರು ಅದನ್ನು ಯಾವ ಅದೃಶ್ಯ ಶಕ್ತಿಗೂ ಆರೋಪಿಸಲಿಲ್ಲ, ಕಾರಣವನ್ನು ಹುಡುಕಿದರು.

ಇಬ್ನು ಸೀನಾ (980–1037) ಅವರ ‘ಅಲ್-ಖಾನೂನ್’ ಗ್ರಂಥದ ಮೂರನೆಯ ಸಂಪುಟ ರೋಗಗಳನ್ನು ತಲೆಯಿಂದ ಪಾದದವರೆಗೆ ಕ್ರಮವಾಗಿ ವಿವರಿಸುತ್ತದೆ. ಅದರಲ್ಲಿ ಸುದಾಅ್ ಅಂದರೆ ಸಾಮಾನ್ಯ ತಲೆನೋವು, ಅರ್ಧ ತಲೆಯ ಶಖೀಖಾ, ಶಿರಸ್ತ್ರಾಣದಂತೆ ಇಡೀ ತಲೆಯನ್ನು ಆವರಿಸುವ ಖೂದಾ ಎಂದು ಬೇರೆ ಬೇರೆ ಹೆಸರುಗಳಿವೆ. ಇಬ್ನುಲ್ ಖಯ್ಯಿಮ್ (1292–1350) ತಮ್ಮ ಪ್ರವಾದಿ ವೈದ್ಯದ ಬರಹದಲ್ಲಿ ತಲೆನೋವಿಗೆ ಹಲವಾರು ಕಾರಣಗಳನ್ನು ಪಟ್ಟಿ ಮಾಡಿ, ವಿಧವೂ ಕಾರಣವೂ ಬದಲಾದಂತೆ ಚಿಕಿತ್ಸೆಯೂ ಬದಲಾಗುತ್ತದೆ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಶಖೀಖಾದಲ್ಲಿ ತಲೆಯ ರಕ್ತನಾಳಗಳು ಮಿಡಿಯುತ್ತವೆ, ಪಟ್ಟಿ ಬಿಗಿದು ಆ ಮಿಡಿತವನ್ನು ತಡೆದರೆ ನೋವು ಶಮನವಾಗುತ್ತದೆ ಎಂದೂ ಬರೆದಿದ್ದಾರೆ. ನಮ್ಮ ಅಜ್ಜಿಯರು ತಲೆಗೆ ಬಟ್ಟೆ ಕಟ್ಟುತ್ತಿದ್ದುದೂ ಇದೇ ಅನುಭವದಿಂದ.

ಹಿಜಾಮಾ ಒಂದಿದ್ದರೆ ಎಲ್ಲ ತಲೆನೋವಿಗೂ ಸಾಕು ಎನ್ನುವವರು ಇಬ್ನುಲ್ ಖಯ್ಯಿಮ್‌ರ ಈ ಮಾತನ್ನು ಗಮನಿಸಬೇಕು. ಶಖೀಖಾ ಎಂಬುದು ವಿಶಾಲವಾದ ಹೆಸರು. ಇಂದು ಮೈಗ್ರೇನ್ ಎನ್ನುವುದೂ ಕ್ಲಸ್ಟರ್ ಎನ್ನುವುದೂ ಆ ಒಂದೇ ಸೂರಿನಡಿ ವಾಸವಾಗಿದ್ದವು. ಮೈಗ್ರೇನ್ ರೋಗಿ ಬೆಳಕನ್ನೂ ಸದ್ದನ್ನೂ ತಾಳಲಾರದೆ ಅಲುಗಾಡದೆ ಮಲಗುತ್ತಾನೆ; ಕ್ಲಸ್ಟರ್ ರೋಗಿ ಮಲಗಲಾರದೆ ಓಡಾಡುತ್ತಾನೆ. ಮೈಗ್ರೇನ್ ದಿನಗಟ್ಟಲೆ ಇರಬಹುದು. ಕ್ಲಸ್ಟರ್ ನೋವು 15 ನಿಮಿಷದಿಂದ 3 ತಾಸಿನೊಳಗೆ ಮುಗಿಯುತ್ತದೆ, ಆದರೆ ದಿನಕ್ಕೆ 8 ಸಲದವರೆಗೂ ಬರಬಹುದು. ಹೆಸರು ಬೇರೆಯಾದುದರಿಂದ ಮದ್ದೂ ಬೇರೆಯಾಯಿತು.

ಬರೆಯ ವಿಷಯದಲ್ಲಂತೂ ನಮಗೆ ಹದೀಸೇ ಸಾಕು. ಜೇನು, ಹಿಜಾಮಾ, ಬರೆ ಈ ಮೂರರಲ್ಲಿ ಶಮನವಿದೆಯೆಂದು ಹೇಳಿದ ಪ್ರವಾದಿ(ಸ)ರು ಬರೆಯನ್ನು ಮಾತ್ರ ತಮ್ಮ ಸಮುದಾಯಕ್ಕೆ ಇಷ್ಟಪಡಲಿಲ್ಲವೆಂದು ಬುಖಾರಿಯಲ್ಲಿದೆ. ವೈದ್ಯವನ್ನು ಬಲ್ಲವನೆಂದು ಹೆಸರಾಗದೆ ಚಿಕಿತ್ಸೆಗೆ ಕೈಹಾಕಿದವನು ಹಾನಿಗೆ ಹೊಣೆಗಾರನೆಂದು ಅಬೂದಾವೂದ್ ವರದಿ ಮಾಡಿದ ಹದೀಸ್ ಹೇಳುತ್ತದೆ.

ಭೀಮೆಯ ಎರಡು ದಡಗಳು

ಈ ವೈದ್ಯಪರಂಪರೆ ಬಗ್ದಾದಿನಲ್ಲಿಯೇ ಉಳಿಯದೆ ನಮ್ಮ ದಖ್ಖನಿಗೂ ಬಂತು. ಭೀಮೆಯ ಒಂದು ಕಡೆ 1347ರಲ್ಲಿ ಬಹಮನಿಗಳ ರಾಜಧಾನಿಯಾದ ಕಲಬುರಗಿ, ಇನ್ನೊಂದು ಕಡೆ 1490ರಿಂದ 1686ರವರೆಗೆ ಆದಿಲಶಾಹಿಗಳು ಆಳಿದ ವಿಜಯಪುರ. ಇವೆರಡರ ನಡುವಿನ ನಾಡು ನಮ್ಮದು. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ (1436–1458) ಬೀದರಿನಲ್ಲಿ ಒಂದು ಶಿಫಾಖಾನೆಯನ್ನು ಕಟ್ಟಿಸಿ, ರೋಗಿಗಳ ಔಷಧ ಆಹಾರಗಳಿಗಾಗಿ ಹಳ್ಳಿಗಳ ಉತ್ಪನ್ನವನ್ನು ವಕ್ಫ್ ಬಿಟ್ಟು, ಅಲ್ಲಿ ಮುಸ್ಲಿಮ್ ಹಕೀಮರನ್ನೂ ಹಿಂದೂ ವೈದ್ಯರನ್ನೂ ನೇಮಿಸಿದನೆಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ.

ಈ ಫಿರಿಶ್ತಾ, ಅಂದರೆ ಮುಹಮ್ಮದ್ ಖಾಸಿಮ್, ವಿಜಯಪುರಕ್ಕೆ ಬಂದುದು 1589ರಲ್ಲಿ. ಎರಡನೆಯ ಇಬ್ರಾಹೀಮ್ ಆದಿಲಶಾಹನ ಆಶ್ರಯದಲ್ಲಿ ಅವನು ಬರೆದ ಇತಿಹಾಸ ಜಗತ್ತಿಗೆಲ್ಲ ಗೊತ್ತು. ಅವನು ವೈದ್ಯವನ್ನು ಬಲ್ಲವನಾಗಿದ್ದನೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ‘ದಸ್ತೂರುಲ್ ಅತಿಬ್ಬಾ’ ಎಂಬ ಗ್ರಂಥದಲ್ಲಿ ಅವನು ಈ ನೆಲದ ಆಯುರ್ವೇದವನ್ನು ಪಾರಸಿ ಬಲ್ಲವರಿಗೆ ವಿವರಿಸಿದ. ಇರಾನಿನಿಂದ ಬಂದ ಮುಸ್ಲಿಮ್ ವಿದ್ವಾಂಸನೊಬ್ಬ ಅನ್ಯರ ಜ್ಞಾನವೆಂದು ಅದನ್ನು ದೂರವಿಡಲಿಲ್ಲ. ಆಯುರ್ವೇದದಲ್ಲಿಯೂ ತಲೆನೋವುಗಳ ವಿಂಗಡಣೆ ಇತ್ತು. ಸುಶ್ರುತ ಸಂಹಿತೆ ಹನ್ನೊಂದು ಶಿರೋರೋಗಗಳನ್ನು ಎಣಿಸುತ್ತದೆ. ಅರ್ಧ ತಲೆಯ ನೋವಿಗೆ ಅರ್ಧಾವಭೇದಕ, ಸೂರ್ಯನ ಏರಿಳಿತವನ್ನು ಹಿಂಬಾಲಿಸುವ ನೋವಿಗೆ ಸೂರ್ಯಾವರ್ತ ಎಂದು ಹೆಸರು ಕೊಡುತ್ತದೆ. ಹಕೀಮರೂ ವೈದ್ಯರೂ ಬೇರೆ ಬೇರೆ ಭಾಷೆಗಳಲ್ಲಿ ಮಾಡುತ್ತಿದ್ದ ಕೆಲಸ ಒಂದೇ: ರೋಗಿಯ ಮಾತನ್ನು ಕೇಳಿ ನೋವಿಗೆ ಹೆಸರಿಡುವುದು.

ಹೆಸರು ಸಿಕ್ಕ ಬಗೆ

ಕ್ಲಸ್ಟರ್ ತಲೆನೋವಿನ ಮೊದಲ ಪೂರ್ಣ ವರ್ಣನೆಯೆಂದು ಇಂದು ಒಪ್ಪಿರುವುದು 1745ರದು. ಡಚ್ ವೈದ್ಯ ವ್ಯಾನ್ ಸ್ವೀಟೆನ್ ಒಬ್ಬ ಗಟ್ಟಿಮುಟ್ಟಾದ ನಡುವಯಸ್ಸಿನ ಮನುಷ್ಯನ ಬಗ್ಗೆ ಬರೆದಿದ್ದಾನೆ. ಪ್ರತಿದಿನ ಒಂದೇ ವೇಳೆಗೆ ಅವನ ಎಡಗಣ್ಣಿನ ಮೇಲೆ ನೋವು ಶುರುವಾಗುತ್ತಿತ್ತು, ಕಣ್ಣು ಕೆಂಪಾಗಿ ನೀರು ತುಂಬುತ್ತಿತ್ತು, ಹುಚ್ಚು ಹಿಡಿಯುವಷ್ಟು ಬಾಧೆಯಾಗಿ ಕೆಲವು ತಾಸಿನಲ್ಲಿ ಎಲ್ಲವೂ ನಿಲ್ಲುತ್ತಿತ್ತು. ಭೀಮಾ ತೀರದ ರೋಗಿಯ ಕಥೆಗೂ ಇದಕ್ಕೂ ಅಕ್ಷರದ ವ್ಯತ್ಯಾಸವಿಲ್ಲ. ರೋಗಕ್ಕೆ ದೇಶವಿಲ್ಲ, ಜಾತಿಯಿಲ್ಲ.

ಆಮೇಲೆಯೂ ಹೆಸರು ಸ್ಥಿರವಾಗಲು ಇನ್ನೂರು ವರ್ಷ ಬೇಕಾಯಿತು. 1926ರಲ್ಲಿ ಲಂಡನ್ನಿನ ವಿಲ್ಫ್ರೆಡ್ ಹ್ಯಾರಿಸ್, 1939ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಬೇಯರ್ಡ್ ಹಾರ್ಟನ್ ಇದನ್ನು ತಮ್ಮ ತಮ್ಮ ಹೆಸರುಗಳಿಂದ ವರ್ಣಿಸಿದರು. 1952ರಲ್ಲಿ ಕುಂಕಲ್ ಮತ್ತು ಸಂಗಡಿಗರು ನೋವು ಗೊಂಚಲಾಗಿ ಬರುವುದನ್ನು ಗುರುತಿಸಿದ ಮೇಲೆ ಕ್ಲಸ್ಟರ್ ಎಂಬ ಹೆಸರು ನಿಂತಿತು. 1998ರಲ್ಲಿ ಲಂಡನ್ನಿನ ಸಂಶೋಧಕರು ನೋವು ಬಂದ ಹೊತ್ತಿನಲ್ಲಿಯೇ ರೋಗಿಗಳ ಮಿದುಳಿನ ಚಿತ್ರ ತೆಗೆದರು. ಆಗ ಹೈಪೋಥಾಲಮಸ್ ಎಂಬ ಚಿಕ್ಕ ಭಾಗ ಚುರುಕಾಗಿದ್ದುದು ಕಂಡಿತು. ನಿದ್ದೆ ಎಚ್ಚರಗಳ ವೇಳೆಯನ್ನು ಕಾಯುವ ಶರೀರದ ಗಡಿಯಾರವಿರುವುದು ಅಲ್ಲಿಯೇ. ನೋವು ವೇಳೆ ತಪ್ಪದೆ ಬರುವುದೇಕೆಂಬ ಪ್ರಶ್ನೆಗೆ ಉತ್ತರದ ಜಾಡು ಹೀಗೆ ಸಿಕ್ಕಿತು. ಸಾಯಾ ಎಂದು ನಮ್ಮ ಹಿರಿಯರು ತಿಳಿದುದು ಅಲ್ಲಾಹನು ಪ್ರತಿಯೊಬ್ಬರ ತಲೆಯೊಳಗೆ ಇಟ್ಟಿರುವ ಗಡಿಯಾರದ ತೊಂದರೆಯಾಗಿತ್ತು.

ಹೆಸರು ಸಿಕ್ಕಿದ್ದರಿಂದ ಮದ್ದೂ ಸಿಕ್ಕಿತು. ಶುದ್ಧ ಆಮ್ಲಜನಕವನ್ನು ಉಸಿರಾಡಿದರೆ ಈ ನೋವು ತಗ್ಗುತ್ತದೆಂದು 1981ರಲ್ಲಿ ಕುಡ್ರೋ ಎಂಬ ವೈದ್ಯ ಕ್ರಮಬದ್ಧವಾಗಿ ತೋರಿಸಿದ. 2009ರಲ್ಲಿ ಪ್ರಕಟವಾದ ಲಂಡನ್ನಿನ ಪರೀಕ್ಷೆಯಲ್ಲಿ ನಿಮಿಷಕ್ಕೆ 12 ಲೀಟರಿನಂತೆ ಆಮ್ಲಜನಕ ಪಡೆದಾಗ 15 ನಿಮಿಷದೊಳಗೆ ಶೇ. 78ರಷ್ಟು ಸಂದರ್ಭಗಳಲ್ಲಿ ನೋವು ನಿಂತಿತು ಅಥವಾ ಸಾಕಷ್ಟು ಇಳಿಯಿತು. ಬರಿಯ ಗಾಳಿ ಪಡೆದಾಗ ಅದು ಶೇ. 20 ಮಾತ್ರ. ಚರ್ಮದಡಿ ಕೊಡುವ ಸುಮಾಟ್ರಿಪ್ಟಾನ್ ಚುಚ್ಚುಮದ್ದು 1991ರ ಪರೀಕ್ಷೆಯಿಂದ ಪ್ರಚಾರಕ್ಕೆ ಬಂತು. ಗೊಂಚಲಿನ ಅವಧಿಯಲ್ಲಿ ನೋವು ಬಾರದಂತೆ ತಡೆಯಲು ವೆರಾಪಮಿಲ್ ಗುಳಿಗೆ ಇದೆ. ಸಾಮಾನ್ಯ ತಲೆನೋವಿನ ಗುಳಿಗೆ ಇಲ್ಲಿ ಏಕೆ ಕೆಲಸ ಮಾಡುವುದಿಲ್ಲ ಎಂದರೆ, ಅದು ಹೊಟ್ಟೆಯಲ್ಲಿ ಕರಗಿ ರಕ್ತ ಸೇರುವಷ್ಟರಲ್ಲಿ ಈ ನೋವು ತನ್ನ ಸುತ್ತನ್ನು ಮುಗಿಸಿರುತ್ತದೆ.

ಕುಟುಂಬದವರು ಮಾಡಬೇಕಾದುದು

ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಡೆದು 2014–15ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ವಯಸ್ಕರಲ್ಲಿ ಶೇ. 60ಕ್ಕೂ ಹೆಚ್ಚು ಜನರಿಗೆ ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಬಂದುದನ್ನೂ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇರುವುದನ್ನೂ ತೋರಿಸಿತು. ಇಷ್ಟು ದೊಡ್ಡ ಸಂತೆಯಲ್ಲಿ ಸಾವಿರಕ್ಕೊಬ್ಬ ಕ್ಲಸ್ಟರ್ ರೋಗಿ ಕಳೆದುಹೋಗುವುದು ಸಹಜ. ಆದುದರಿಂದ ಗುರುತಿಸುವ ಕೆಲಸ ಮನೆಯಿಂದಲೇ ಆರಂಭವಾಗಬೇಕು.

ಒಂದು ನೋಟ್‌ಬುಕ್ಕಿನಲ್ಲಿ ನೋವು ಶುರುವಾದ ವೇಳೆ, ಮುಗಿದ ವೇಳೆ, ಯಾವ ಕಡೆ, ಕಣ್ಣು ಮೂಗುಗಳ ಸ್ಥಿತಿ, ರೋಗಿ ಮಲಗಿದ್ದನೋ ಓಡಾಡಿದನೋ ಎಂಬುದನ್ನು ಎರಡು ವಾರ ಬರೆಯಿರಿ. ನೋವಿನ ಹೊತ್ತಿನಲ್ಲಿ ಅವನ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಮುಖದ ಚಿತ್ರ ತೆಗೆದಿಡಿ. ದವಾಖಾನೆಗೆ ಹೋಗುವ ಹೊತ್ತಿಗೆ ನೋವು ಇರುವುದಿಲ್ಲ, ಕಣ್ಣು ಬೆಳ್ಳಗಾಗಿರುತ್ತದೆ. ಆಗ ಆ ಬರಹವೂ ಚಿತ್ರವೂ ವೈದ್ಯರಿಗೆ ಸಾಕ್ಷಿ ನುಡಿಯುತ್ತವೆ. ಮೊದಲು ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ನರರೋಗ ತಜ್ಞರಿಗೆ ಚೀಟಿ ಬರೆಸಿಕೊಳ್ಳಿ. ವಿಜಯಪುರ, ಕಲಬುರಗಿ, ಸೊಲ್ಲಾಪುರಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯದ ಆರೋಗ್ಯ ಇಲಾಖೆ ಸೇರಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮದಲ್ಲಿ ತಲೆನೋವೂ ಸೇರಿದೆ. ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಲು ವೈದ್ಯರು ಒಮ್ಮೆ ಎಂಆರ್‌ಐ ಮಾಡಿಸಲು ಹೇಳಬಹುದು.

ಕೆಲವು ಎಚ್ಚರಿಕೆಗಳೂ ಬೇಕು. ಮನೆಯಲ್ಲಿಡುವ ಆಮ್ಲಜನಕದ ಚಿಕ್ಕ ಯಂತ್ರಗಳು ನಿಮಿಷಕ್ಕೆ 5 ಲೀಟರಷ್ಟೇ ಕೊಡುವುದುಂಟು. ಈ ನೋವಿಗೆ ಅದು ಸಾಲದು. ಸಿಲಿಂಡರೂ ಸರಿಯಾದ ಮಾಸ್ಕೂ ವೈದ್ಯರ ಸಲಹೆಯಂತೆಯೇ ಇರಬೇಕು, ಅದರ ಬಳಿ ಬೀಡಿ, ಒಲೆ, ದೀಪ ಸುಳಿಯಬಾರದು. ಸುಮಾಟ್ರಿಪ್ಟಾನ್ ಹೃದ್ರೋಗಿಗಳಿಗೆ ಸಲ್ಲದು. ವೆರಾಪಮಿಲ್ ತೆಗೆದುಕೊಳ್ಳುವವರು ಇಸಿಜಿ ಮಾಡಿಸುತ್ತಿರಬೇಕು. ಗೊಂಚಲಿನ ಅವಧಿಯಲ್ಲಿ ಮದ್ಯದ ಒಂದು ಗುಟುಕೂ ನೋವನ್ನು ಕೆರಳಿಸುತ್ತದೆ. ನಮಗದು ಹೇಗೂ ಹರಾಮ್. ಈ ರೋಗಿಗಳಲ್ಲಿ ಬಹಳಷ್ಟು ಮಂದಿ ಧೂಮಪಾನಿಗಳೆಂಬುದೂ ಗಮನಾರ್ಹ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವು, ಜ್ವರದೊಡನೆ ಕುತ್ತಿಗೆ ಬಿಗಿತ, ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು, 50 ದಾಟಿದವರಿಗೆ ಹೊಸದಾಗಿ ಬಂದ ನೋವು ಇವು ಬೇರೆಯೇ ಅಪಾಯದ ಸೂಚನೆಗಳು. ಆಗ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ರಮಝಾನ್ ಮತ್ತು ರೋಗಿ

ಗೊಂಚಲಿನ ಅವಧಿ ರಮಝಾನಿನಲ್ಲಿ ಬಂದರೆ ಏನು ಮಾಡಬೇಕೆಂದು ಕೇಳುವವರಿದ್ದಾರೆ. ರೋಗಿಗೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರೈಸುವ ಅನುಮತಿಯನ್ನು ಕುರ್‌ಆನ್ ಅಲ್-ಬಖರ ಅಧ್ಯಾಯದಲ್ಲಿಯೇ ಕೊಟ್ಟಿದೆ. ಅದೇ ಅಧ್ಯಾಯದಲ್ಲಿ, ಇಹ್ರಾಮಿನಲ್ಲಿರುವವನ ತಲೆಗೆ ಬಾಧೆಯಿದ್ದರೆ ಪರಿಹಾರ ಕೊಟ್ಟು ತಲೆ ಬೋಳಿಸಬಹುದೆಂಬ ರಿಯಾಯಿತಿಯೂ ಇದೆ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಖ್ಹ್ ಅಕಾಡೆಮಿ 1997ರ ತನ್ನ ಹತ್ತನೆಯ ಅಧಿವೇಶನದಲ್ಲಿ, ಆಮ್ಲಜನಕದ ಅನಿಲವೂ ಪೋಷಕಾಂಶವಿಲ್ಲದ ಚುಚ್ಚುಮದ್ದೂ ಉಪವಾಸವನ್ನು ಮುರಿಯುವುದಿಲ್ಲವೆಂದು ನಿರ್ಣಯಿಸಿದೆ. ಆದುದರಿಂದ ಉಪವಾಸದ ಹೆಸರಿನಲ್ಲಿ ಮಾಸ್ಕನ್ನು ದೂರ ತಳ್ಳಿ ನರಳಬೇಕಾಗಿಲ್ಲ. ಸಂದೇಹವಿದ್ದವರು ತಮ್ಮ ಊರಿನ ಆಲಿಮರನ್ನೂ ವೈದ್ಯರನ್ನೂ ಕೇಳಲಿ.

ದುಆ ಮಾಡುವುದನ್ನು ಯಾರೂ ಬಿಡಬೇಕಾಗಿಲ್ಲ. ಸಅದ್ ಬಿನ್ ಅಬೀವಖ್ಖಾಸ್(ರ)ರು ಕಾಯಿಲೆ ಬಿದ್ದಾಗ ಪ್ರವಾದಿ(ಸ)ರು ಅವರನ್ನು ನೋಡಲು ಹೋಗಿ ಎದೆಯ ಮೇಲೆ ತಮ್ಮ ಪವಿತ್ರ ಹಸ್ತವನ್ನಿಟ್ಟರು. ಆಮೇಲೆ ಸಖೀಫ್ ಗೋತ್ರದ ವೈದ್ಯ ಹಾರಿಸ್ ಬಿನ್ ಕಲದಾನ ಬಳಿಗೆ ಹೋಗಲು ಹೇಳಿದರೆಂದು ಅಬೂದಾವೂದ್‌ನಲ್ಲಿದೆ. ಯಾರ ಕೈ ಎದೆಯ ಮೇಲಿತ್ತೋ ಅವರೇ ವೈದ್ಯನ ಮನೆಯ ದಾರಿ ತೋರಿಸಿದರು. ದಮ್ ಮಾಡಿಸಲು ಬಂದವರಿಗೆ ದುಆ ಓದಿದ ಬಳಿಕ, ಕಣ್ಣು ಕೆಂಪಾಗುವುದೇ, ವೇಳೆಗೆ ಸರಿಯಾಗಿ ಬರುವುದೇ, ದವಾಖಾನೆಗೆ ಹೋಗಿದ್ದೀರಾ ಎಂದು ಕೇಳುವುದು ಇಮಾಮರ, ಉಸ್ತಾದರ ಕರ್ತವ್ಯವೆಂದು ನಾವು ತಿಳಿಯುತ್ತೇವೆ.

ಈ ನೋವಿನ ತೀವ್ರತೆಗೆ ಜೀವವೇ ಬೇಡವೆಂದು ಹೇಳುವ ರೋಗಿಗಳಿದ್ದಾರೆ. ಅಂಥ ಮಾತು ಬಾಯಿಂದ ಬಂದರೆ ಈಮಾನ್ ಕಡಿಮೆಯೆಂದು ಗದರಿಸಬೇಡಿ. ತಮ್ಮ ತಲೆನೋವಿನ ನರಳಾಟವನ್ನು ಆಇಶಾ(ರ)ರು ಬಾಯಿಬಿಟ್ಟು ಹೇಳಿದಾಗ ಪ್ರವಾದಿ(ಸ)ರು ಗದರಿಸಲಿಲ್ಲ. ತಮ್ಮ ತಲೆಯೂ ನೋಯುತ್ತಿದೆಯೆಂದು ಹೇಳಿಕೊಂಡರು. ನೋವನ್ನು ಹೇಳಿಕೊಳ್ಳುವುದು ಸಬ್ರ್‌ಗೆ ವಿರೋಧವಲ್ಲ. ರೋಗಿಯನ್ನು ಒಬ್ಬನೇ ಬಿಡದೆ ಜೊತೆಗಿರಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿಯೂ ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ಮನೆಗಳಲ್ಲಿ ರಾತ್ರಿ ನಿದ್ದೆಗೆಟ್ಟು ಅಂಗಳದಲ್ಲಿ ನಡೆದಾಡುವ ಪ್ರತಿಯೊಬ್ಬ ರೋಗಿಗೂ ತನ್ನ ನೋವಿನ ಸರಿಯಾದ ಹೆಸರು ಬೇಗ ಸಿಗುವಂತೆ, ಅವನ ಮಾತನ್ನು ತಾಳ್ಮೆಯಿಂದ ಕೇಳುವ ವೈದ್ಯರೂ ಬಂಧುಗಳೂ ಅವನಿಗೆ ದೊರೆಯುವಂತೆ ಶಾಫಿಯಾದ ಅಲ್ಲಾಹನು ಅನುಗ್ರಹಿಸಲಿ. ಆಮೀನ್.